ಟೈಲ್ಸ್ ಹಾಕುವ ಮುಂಚೆ ನೀರು ಹೋಗುವ ದಾರಿ ನೋಡಿ



ಹಳೆ ಬಚ್ಚಲುಮನೆ ರಿಪೇರಿಗೆ ಅಂತ ನಮ್ಮ ಸಂಘಗಳಲ್ಲಿ ಸಾಲ ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಒಳ್ಳೆಯದೇ. ಮನೆಯ ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ಮರ್ಯಾದೆಯಿಂದ ಸ್ನಾನ ಮಾಡಲು ಒಂದು ಚೊಕ್ಕ ಜಾಗ ಬೇಕೇ ಬೇಕು. ಆದರೆ ಎಷ್ಟೋ ಕಡೆ ಸಾಲದ ಹಣವೆಲ್ಲ ಕಣ್ಣಿಗೆ ಕಾಣುವ ಟೈಲ್ಸ್, ನಲ್ಲಿ, ಶವರ್‌ಗೆ ಹೋಗುತ್ತದೆ. ನೆಲದ ಕೆಳಗಿನ ಪೈಪನ್ನು ಯಾರೂ ಕೇಳುವುದಿಲ್ಲ.

ನಮ್ಮ ಸದಸ್ಯೆಯೊಬ್ಬರು ಸಾಲ ತೆಗೆದು ಬಚ್ಚಲಿಗೆ ಟೈಲ್ಸ್ ಹಾಕಿಸಿದರು. ನೋಡೋಕೆ ಬಹಳ ಚಂದ. ತಿಂಗಳೊಳಗೆ ಪಾದ ಮುಳುಗುವಷ್ಟು ನೀರು ನಿಲ್ಲತೊಡಗಿತು. ಪಕ್ಕದ ಅಡುಗೆಮನೆಯ ಗೋಡೆ ಒದ್ದೆಯಾಗಿ ಸುಣ್ಣ ಉದುರಿತು. ಕೊನೆಗೆ ನೆಲ ಒಡೆಸಿ ನೋಡಿದರೆ, ಹಳೆಯ ಸಣ್ಣ ಪೈಪನ್ನು ಹಾಗೇ ಬಿಟ್ಟು ಮೇಲೆ ಟೈಲ್ಸ್ ಮುಚ್ಚಿದ್ದರು. ಕೆಲಸದ ಸಿಮೆಂಟು ಅದರೊಳಗೆ ಇಳಿದು ಕಲ್ಲಾಗಿತ್ತು. ಮೊದಲ ಸಾಲದ ಕಂತು ಕಟ್ಟುತ್ತಿರುವಾಗಲೇ ಅದೇ ಕೆಲಸಕ್ಕೆ ಎರಡನೇ ಸಲ ದುಡ್ಡು ಹೋಯಿತು. "ಮೊದಲೇ ಯಾರಾದರೂ ಹೇಳಿದ್ದರೆ" ಎಂದು ಅವರು ಕಣ್ಣೀರು ಹಾಕಿದರು. ಅದಕ್ಕೇ ಈ ನಾಲ್ಕು ಮಾತು.

1. ಹಳೆ ಪೈಪನ್ನು ಪರೀಕ್ಷಿಸಿ

ಕೆಲಸ ಶುರುವಾಗುವ ಮುಂಚೆ ಎರಡು ಬಕೆಟ್ ನೀರು ಒಟ್ಟಿಗೆ ಸುರಿಯಿರಿ. ಗುಳುಗುಳು ಸದ್ದು ಮಾಡುತ್ತಾ ನಿಧಾನವಾಗಿ ಇಳಿದರೆ ಒಳಗೆ ಕಟ್ಟಿರಬಹುದು. ಹಿತ್ತಲಲ್ಲಿ ಪೈಪಿನ ಇನ್ನೊಂದು ತುದಿಯಲ್ಲಿ ಒಬ್ಬರು ನಿಂತು ನೋಡಲಿ. ಸುರಿದಷ್ಟು ನೀರು ಬರದಿದ್ದರೆ ನೆಲದೊಳಗೆ ಎಲ್ಲೋ ಸೋರುತ್ತಿರಬಹುದು. ಚೆಂಬಿನಿಂದ ಮೀಯುವಾಗ ನೀರು ಬಿಟ್ಟು ಬಿಟ್ಟು ಬೀಳುತ್ತದೆ. ಶವರ್ ನಿಲ್ಲದೆ ಸುರಿಯುತ್ತದೆ. ಆದ್ದರಿಂದ ಹಳೆಯದು ಸಣ್ಣ ಪೈಪಾದರೆ 3 ಇಂಚಿನ (75 ಮಿ.ಮೀ.) ಪಿವಿಸಿ ಪೈಪು ಹಾಕಿಸಿ.

2. ಟ್ರ್ಯಾಪ್ ಬಿಡಬೇಡಿ

ಜಾಲರಿಯ ಕೆಳಗೆ ಕೂರುವ ಬಟ್ಟಲಿನಂಥ ಭಾಗಕ್ಕೆ ನಹಾನಿ ಟ್ರ್ಯಾಪ್ ಎನ್ನುತ್ತಾರೆ. ಅದರಲ್ಲಿ ಸುಮಾರು 5 ಸೆಂ.ಮೀ. ನೀರು ಯಾವಾಗಲೂ ನಿಂತಿರಬೇಕು. ಆ ನೀರೇ ಬಾಗಿಲು. ಚರಂಡಿಯ ವಾಸನೆ, ಜಿರಳೆ ಒಳಗೆ ಬಾರದಂತೆ ತಡೆಯುತ್ತದೆ. ಟ್ರ್ಯಾಪ್ ಇಲ್ಲದೆ ನೇರ ಪೈಪು ಇಟ್ಟರೆ ಎಷ್ಟು ಫಿನಾಯಿಲ್ ಹಾಕಿದರೂ ವಾಸನೆ ಹೋಗದು. ದಿನಗಟ್ಟಲೆ ಬಳಸದ ಬಚ್ಚಲಿನಲ್ಲಿ ಈ ನೀರು ಒಣಗುತ್ತದೆ. ಆಗ ಒಂದು ಚೆಂಬು ನೀರು ಹಾಕಿದರೆ ಸಾಕು.

3. ವಾಟ ಸರಿಯಿರಲಿ

ಮೇಸ್ತ್ರಿಗಳು ಇಳಿಜಾರಿಗೆ ವಾಟ ಎನ್ನುತ್ತಾರೆ. ನೆಲಕ್ಕೆ ಒಂದು ಮೀಟರಿಗೆ 1ರಿಂದ 2 ಸೆಂ.ಮೀ., ಪೈಪಿಗೆ ಅಡಿಗೆ ಕಾಲು ಇಂಚು ವಾಟ ಬೇಕು. ವಾಟ ಬಾಗಿಲ ಕಡೆಗಲ್ಲ, ಜಾಲರಿಯ ಕಡೆಗೆ ಇರಬೇಕು. ಪೈಪು ತಿರುಗುವ ಕಡೆ ನೆಟ್ಟಗಿನ ಮೂಲೆ ಬೇಡ, ಓರೆಯಾಗಿ ತಿರುಗಿಸಲಿ. ಹೊರಗಿನ ತಿರುವಿನಲ್ಲಿ ಬಿಚ್ಚುವ ಮುಚ್ಚಳದ ಡೋರ್ ಬೆಂಡ್ ಹಾಕಿಸಿ. ಮುಂದೆ ಕಟ್ಟಿದರೆ ನೆಲ ಒಡೆಯಬೇಕಾದ್ದಿಲ್ಲ.

4. ನೀರು ನಿಲ್ಲಿಸಿ ನೋಡಿ

ಇದು ಎಲ್ಲಕ್ಕಿಂತ ಮುಖ್ಯ. ಸೋರದಂತೆ ನೆಲಕ್ಕೆ ಗಾರೆ ಹಾಕಿ ಒಣಗಿದ ಮೇಲೆ, ಟೈಲ್ಸ್ ಹಾಕುವ ಮುಂಚೆ, ಜಾಲರಿಯ ಬಾಯಿಗೆ ಬಿರಡೆ ಹಾಕಿ, ಬಾಗಿಲಿಗೆ ಸಣ್ಣ ಕಟ್ಟೆ ಕಟ್ಟಿ, ಒಂದು ಇಂಚು ನೀರು ತುಂಬಿಸಿ 24 ಗಂಟೆ ಬಿಡಿ. ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಗುರುತು ಹಾಕಿ. ಮಟ್ಟ ತುಂಬ ಇಳಿದರೆ ಅಥವಾ ಪಕ್ಕದ ಗೋಡೆ ಒದ್ದೆಯಾದರೆ ಸರಿಮಾಡಿಸಿಯೇ ಮುಂದುವರಿಯಿರಿ. ಟೈಲ್ಸ್ ಕೆಲಸ ಮುಗಿಯುವ ತನಕ ಟ್ರ್ಯಾಪಿನ ಬಾಯಿ ಮುಚ್ಚಿಡಿ. ಕರಣೆ, ಬಾಣಲೆ ತೊಳೆದ ಸಿಮೆಂಟಿನ ನೀರು ಅದರೊಳಗೆ ಹೋಗಲೇಬಾರದು. ಕೂಲಿಯ ಕೊನೇ ಕಂತನ್ನು, ಟೈಲ್ಸಿನ ಮೇಲೆ ಮತ್ತೊಮ್ಮೆ ನೀರು ಬಿಟ್ಟು ನೋಡಿದ ನಂತರವೇ ಕೊಡಿ. ಇದು ಅಪನಂಬಿಕೆಯಲ್ಲ, ಮೊದಲೇ ಮಾತಾಡಿಕೊಂಡರೆ ಒಳ್ಳೇ ಮೇಸ್ತ್ರಿಗಳು ಬೇಡ ಅನ್ನೋದಿಲ್ಲ.

5. ನೀರು ಎಲ್ಲಿಗೆ ಹೋಗುತ್ತದೆ?

ನಮ್ಮ ಬಚ್ಚಲ ನೀರು ನೆರೆಮನೆಯವರ ಅಂಗಳಕ್ಕೆ ಹೋದರೆ ಜಗಳ, ಹಿತ್ತಲಲ್ಲಿ ನಿಂತರೆ ಸೊಳ್ಳೆ. ಶೌಚಾಲಯದ ಗುಂಡಿಗೂ ಅದನ್ನು ಸೇರಿಸಬೇಡಿ. ಗುಂಡಿ ಬೇಗ ತುಂಬುತ್ತದೆ. ಬಾಳೆ, ತೆಂಗಿನ ಬುಡಕ್ಕೆ ಬಿಡಿ, ಇಲ್ಲವೇ ಕಲ್ಲು ತುಂಬಿದ ಬಚ್ಚಲು ಗುಂಡಿ ಮಾಡಿಸಿ. ಗುಂಡಿಗೆ ಮುಂಚೆ ಕೂದಲು, ಸೋಪಿನ ಜಿಡ್ಡು ತಡೆಯುವ ಸಣ್ಣ ಚೇಂಬರ್ ಇರಲಿ. ಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರಲಿ. ಪಂಚಾಯತಿಯಲ್ಲಿ ನೆರವು ಸಿಗುತ್ತದೆಯೇ ಎಂದೂ ವಿಚಾರಿಸಿ. ಸುರಕ್ಷಿತ ಕುಡಿಯುವ ನೀರು ಎಲ್ಲರ ಮೂಲಭೂತ ಹಕ್ಕು ಎಂದು ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೊ ಸಿ’ ಪತ್ರದಲ್ಲಿ ನೆನಪಿಸಿದ್ದಾರೆ. ನೆರೆಯವರ ಬಾವಿ ಕೆಡದಂತೆ ನೋಡುವುದೂ ಪರಪ್ರೀತಿಯೇ.

6. ಮುಂದಿನ ಜೋಪಾನ

ವಾರಕ್ಕೊಮ್ಮೆ ಜಾಲರಿ ಎತ್ತಿ ಕೂದಲು ತೆಗೆಯಿರಿ. ಕಟ್ಟಿದರೆ ಕೋಲಿಗೆ ಸಿಕ್ಕಿಸಿದ ರಬ್ಬರ್ ಬಟ್ಟಲಿನಿಂದ ಒತ್ತಿ ಎಳೆಯಿರಿ. ಕುದಿಯುವ ನೀರು ಸುರಿಯಬೇಡಿ, ಪಿವಿಸಿ ಮೆತ್ತಗಾಗುತ್ತದೆ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದಿಗೂ ಸೇರಿಸಬೇಡಿ. ಅದರಿಂದ ಏಳುವ ವಿಷಗಾಳಿ ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಅಪಾಯ.

ಈ ಕರಪತ್ರವನ್ನು ಮುಂದಿನ ಸಂಘದ ಸಭೆಯಲ್ಲಿ ಓದಿ ಹೇಳಿ. ಬಚ್ಚಲಿಗೆ ಸಾಲ ಕೇಳುವವರ ಅಂದಾಜುಪಟ್ಟಿಯಲ್ಲಿ ಮೊದಲು ಪೈಪಿನ ಖರ್ಚು, ಆಮೇಲೆ ಟೈಲ್ಸಿನ ಖರ್ಚು ಬರೆಯಿಸಿ. ಟೈಲ್ಸ್ ಮುಂದಿನ ವರ್ಷವೂ ಹಾಕಿಸಬಹುದು. ಟೈಲ್ಸಿನ ಕೆಳಗೆ ಹೋದ ಪೈಪನ್ನು ಸರಿಮಾಡಲು ಎಲ್ಲವನ್ನೂ ಒಡೆಯಬೇಕಾಗುತ್ತದೆ.