2,900 ಚುಕ್ಕಿಗಳಲ್ಲಿ ಅಸಲಿ ಎಷ್ಟು?

ಆಕಾಶದ ಫೋಟೊದಲ್ಲಿ ಎರಡು ಹಳದಿ ಚುಕ್ಕಿಗಳು ಅಕ್ಕಪಕ್ಕ ಇವೆ ಅಂದುಕೊಳ್ಳಿ. ಒಂದೇ ಬಣ್ಣ, ಒಂದೇ ಹೊಳಪು. ಒಂದು ನಮ್ಮ ಕ್ಷೀರಪಥದ್ದೇ ಸಾಧಾರಣ ನಕ್ಷತ್ರ. ಇನ್ನೊಂದು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗ್ಯಾಲಕ್ಸಿಯದ್ದು, ಸೂರ್ಯನಿಗಿಂತ ಲಕ್ಷ ಪಟ್ಟು ಪ್ರಕಾಶಮಾನ. ಬರೀ ಫೋಟೊ ನೋಡಿ ಯಾವುದು ಯಾವುದು ಅಂತ ಹೇಳೋಕಾಗುತ್ತಾ? ಆಗಲ್ಲ.

ಆದರೆ ಹೇಳಲೇಬೇಕು. ಯಾಕಂದ್ರೆ ಆ ದೂರದ ಹಳದಿ ಮಹಾದೈತ್ಯ ತನ್ನ ಕೊನೆಗಾಲದಲ್ಲಿರುವ ನಕ್ಷತ್ರ. ಸುಮಾರು 1 ಕೋಟಿ ವರ್ಷದ ಆಯಸ್ಸಿನಲ್ಲಿ ಈ ಹಳದಿ ಹಂತ ಹತ್ತಾರು ಸಾವಿರ ವರ್ಷದ್ದಷ್ಟೇ. ಅದನ್ನ ಅಳೆಯೋದು ಹೇಗೆ? ಟೋಲ್ ಗೇಟ್ ನೋಡಿ. ಗಾಡಿಗಳು ಬೇಗ ದಾಟಿದ್ರೆ ಯಾವಾಗ ಹೋದರೂ ನಾಲ್ಕೈದೇ ಗಾಡಿ ಇರುತ್ತೆ. ತಡವಾದ್ರೆ ಸಾಲು ಬೆಳೆಯುತ್ತೆ. ನಕ್ಷತ್ರಗಳೂ ಅಷ್ಟೇ, ತಲೆ ಎಣಿಸಿದರೆ ಸಮಯ ಸಿಗುತ್ತೆ. ನಮ್ಮ ಗ್ಯಾಲಕ್ಸಿಯೊಳಗೆ ಧೂಳು ಅಡ್ಡ, ದೂರದ ಲೆಕ್ಕವೂ ಕಷ್ಟ. ಆಂಡ್ರೊಮಿಡಾದಲ್ಲಿ ಎಲ್ಲವೂ ಹೆಚ್ಚುಕಮ್ಮಿ ಒಂದೇ ದೂರದಲ್ಲಿವೆ.

ಅಸಲಿಯನ್ನು ಹಿಡಿದುಕೊಡೋದು ರೋಹಿತ. ಅಂದ್ರೆ ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿಟ್ಟಾಗ ಸಿಗುವ ಪಟ್ಟಿ. ನಕ್ಷತ್ರದಲ್ಲಿರುವ ಕ್ಯಾಲ್ಸಿಯಂ ಅದರ ಮೇಲೆ ಕಪ್ಪು ಗೆರೆ ಎಳೆಯುತ್ತೆ. ಹತ್ತಿರ ಬರುವ ಆಂಬ್ಯುಲೆನ್ಸಿನ ಸೈರನ್ ಸ್ವರ ಏರುವ ಹಾಗೆ, ನಮ್ಮತ್ತ ಬರುವ ನಕ್ಷತ್ರದ ಗೆರೆಗಳು ನೀಲಿ ಕಡೆಗೆ ಸರಿಯುತ್ತವೆ. ಆಂಡ್ರೊಮಿಡಾ ಸೆಕೆಂಡಿಗೆ ಸುಮಾರು 300 ಕಿ.ಮೀ. ವೇಗದಲ್ಲಿ ನಮ್ಮತ್ತಲೇ ಬರ್ತಿದೆ. ಗೆರೆ ಅಷ್ಟು ಸರಿದಿದ್ದರೆ ನಕ್ಷತ್ರ ಅಲ್ಲಿಯದು. ಒಂದು ತೊಡಕು ಇದೆ: ಆ ಗ್ಯಾಲಕ್ಸಿ ತಿರುಗುತ್ತಲೂ ಇದೆ. ಒಂದು ಬದಿಯ ನಕ್ಷತ್ರಗಳ ವೇಗ ನಮ್ಮವುಗಳ ವೇಗಕ್ಕೇ ಹತ್ತಿರವಾಗಿಬಿಡುತ್ತೆ, ಅಲ್ಲಿ ಅನುಮಾನ ಉಳಿಯುತ್ತೆ.

ಮರಿಯಾ ಡ್ರೌಟ್, ಫಿಲಿಪ್ ಮ್ಯಾಸಿ ಮತ್ತು ಸಂಗಡಿಗರು ಅರಿಜೋನಾದ 6.5 ಮೀಟರ್ ಎಂಎಂಟಿ ದೂರದರ್ಶಕದಲ್ಲಿ ಇಂಥ ಸುಮಾರು 2,900 ಚುಕ್ಕಿಗಳ ರೋಹಿತ ತೆಗೆದರು. ಒಂದೇ ಸಲಕ್ಕೆ 300 ಆಪ್ಟಿಕಲ್ ಫೈಬರ್ ಜೋಡಿಸುವ ಯಂತ್ರ ಅದು. (ಡ್ರೌಟ್ ಆಗಿನ್ನೂ ಪದವಿ ವಿದ್ಯಾರ್ಥಿನಿ!) 2009ರಲ್ಲಿ ಫಲಿತಾಂಶ ಬಂತು. ಖಚಿತವಾದವು 54, ಬಹುಪಾಲು ಹೌದು ಅನ್ನಬಹುದಾದವು 66. ಉಳಿದ ಶೇ. 96ರಷ್ಟು ನಮ್ಮ ಮುಂದೆ ಅಡ್ಡ ನಿಂತ ಸ್ಥಳೀಯರು.

ನನ್ನ ಪ್ರಕಾರ ಅಸಲಿ ಸುದ್ದಿ ಇದರ ಮುಂದಿನದು. ಅಂದಿನ ಕಂಪ್ಯೂಟರ್ ಮಾದರಿಗಳು ಹೇಳ್ತಿದ್ದ ಹಳದಿ ಹಂತದ ಅವಧಿ ಸುಮಾರು 10 ಪಟ್ಟು ಜಾಸ್ತಿ ಅಂತ ಈ ಎಣಿಕೆ ತೋರಿಸಿತು. ನಕ್ಷತ್ರ ಎಷ್ಟು ದ್ರವ್ಯ ಕಳೆದುಕೊಳ್ಳುತ್ತೆ, ಕೊನೆಗೆ ಹೇಗೆ ಸಿಡಿಯುತ್ತೆ ಅನ್ನೋದೆಲ್ಲ ಅದೇ ಮಾದರಿಗಳ ಲೆಕ್ಕ. ಮಾದರಿಗಳನ್ನ ತಿದ್ದಿದರು. 2012ರಲ್ಲಿ ಪಕ್ಕದ ಟ್ರಯಾಂಗ್ಯುಲಂ ಗ್ಯಾಲಕ್ಸಿಯಲ್ಲಿ ಎಣಿಸಿ ನೋಡಿದಾಗ, ಹೊಸ ಲೆಕ್ಕ ಚೆನ್ನಾಗಿಯೇ ಹೊಂದಿಕೊಂಡಿತು.