40 ನಿಮಿಷದಲ್ಲಿ ರಿಸಲ್ಟ್ ಕೊಡುವ ಕಡುಬು

ಕಡುಬು ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಎರಡು ಚಿತ್ರ. ಒಂದು, ಗಣೇಶನ ಹಬ್ಬದ ದಿನ ಎಣ್ಣೆಯಲ್ಲಿ ಕರಿದ ಕರಿಗಡುಬು. ಇನ್ನೊಂದು, ಹಬೆಯಲ್ಲಿ ಬೆಂದ ಬಿಳಿ ಕಡುಬು. ಕರಾವಳಿ, ಮಲೆನಾಡಿನ ಗೆಳೆಯರಿದ್ದರೆ ಮೂರನೆಯದನ್ನೂ ಸೇರಿಸುತ್ತಾರೆ: ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಕಡುಬು. ಕರಿದದ್ದಾಯಿತು, ಹಬೆಯಲ್ಲಿ ಬೇಯಿಸಿದ್ದಾಯಿತು. ಬೇಕ್ ಮಾಡಿದ ಹಣ್ಣಿನ ಕಡುಬು ತಿಂದಿದ್ದೀರಾ?

ಹೊರದೇಶದಲ್ಲಿ ಇದು ಅಜ್ಜಿಯಂದಿರ ಅಡುಗೆ. ಅಮೆರಿಕದ ಪೆನ್ಸಿಲ್ವೇನಿಯಾ ಕಡೆ ಬೀಜ ತೆಗೆದ ಸೇಬನ್ನು ಇಡಿಯಾಗಿ ಹಿಟ್ಟಿನ ಹಾಳೆಯಲ್ಲಿ ಸುತ್ತಿ ಓವನ್‌ಗೆ ಇಡುತ್ತಾರೆ. ಅದಕ್ಕೆ ಆಪಲ್ ಡಂಪ್ಲಿಂಗ್ ಎಂದು ಹೆಸರು. ಜರ್ಮನ್ ಭಾಷೆಯಲ್ಲಿ ಇದೇ ತಿಂಡಿಗೆ ‘ನಿಲುವಂಗಿ ತೊಟ್ಟ ಸೇಬು’ ಎಂಬ ಅರ್ಥದ ಮುದ್ದಾದ ಹೆಸರಿದೆ. ನಮ್ಮಲ್ಲೂ ಇದರ ಹತ್ತಿರದ ನೆಂಟ ಇದ್ದಾನೆ. ಅಯ್ಯಂಗಾರ್ ಬೇಕರಿಯ ದಿಲ್‌ಪಸಂದ್! ಒಳಗೆ ಸಿಹಿ ಕೊಬ್ಬರಿ, ಟೂಟಿ ಫ್ರೂಟಿ, ಹೊರಗೆ ಬೇಕ್ ಆದ ಹಿಟ್ಟಿನ ಮುಸುಕು. ಆ ಟೂಟಿ ಫ್ರೂಟಿಯ ಜಾಗಕ್ಕೆ ನಿಜವಾದ ಹಣ್ಣು ಬಂದರೆ ನಮ್ಮ ಇಂದಿನ ಕಡುಬು ತಯಾರು.

ಯುವಪುಟದಲ್ಲಿ ಅಡುಗೆಯ ಮಾತು ಯಾಕೆ ಅಂತೀರಾ? ಕಾರಣ ಇದೆ. ಮೈಸೂರಿನ ನಮ್ಮ ಲಷ್ಕರ್ ಮೊಹಲ್ಲಾದ ಸುತ್ತಮುತ್ತ ಬಾಡಿಗೆ ರೂಮುಗಳಲ್ಲಿ ಓದುವ ಹುಡುಗರಿಗೆ ಲೆಕ್ಕವಿಲ್ಲ. ಲಷ್ಕರ್ ಅಂದರೆ ಸೈನ್ಯ. ಈಗ ಇಲ್ಲಿ ಇರುವುದು ಅರ್ಜಿ ಹಾಕಿ ಕಾಯುವವರ ಸೈನ್ಯ ಎಂದು ಗೆಳೆಯರು ತಮಾಷೆ ಮಾಡುತ್ತಾರೆ. ಅರ್ಜಿ ಹಾಕು, ಹಾಲ್ ಟಿಕೆಟ್‌ಗೆ ಕಾಯು, ಪರೀಕ್ಷೆ ಬರೆ, ಕೀ ಆನ್ಸರ್‌ಗೆ ಕಾಯು, ಆಮೇಲೆ ಆಯ್ಕೆ ಪಟ್ಟಿಗೆ ಕಾಯು. ಎಲ್ಲಿ ಎಡವಿದೆವು ಎಂಬುದು ಗೊತ್ತಾಗುವ ಹೊತ್ತಿಗೆ ವಯಸ್ಸು ಒಂದೆರಡು ಏರಿರುತ್ತದೆ. ಇಂಥ ಕಾಯುವಿಕೆಯ ನಡುವೆ, ಕೈಯಾರೆ ಮಾಡಿ, ಒಲೆಗಿಟ್ಟು, 40 ನಿಮಿಷದಲ್ಲಿ ಪಾಸೋ ಫೇಲೋ ತಿಳಿಯುವ, ಫೇಲಾದರೆ ಯಾಕೆ ಎಂದೂ ಹೇಳಿಬಿಡುವ ಕೆಲಸವೊಂದು ಇದ್ದರೆ ಮನಸ್ಸಿಗೆ ಎಷ್ಟು ಹಗುರ! ಅದಕ್ಕೇ ಈ ಕಡುಬು.

ಏನೇನು ಬೇಕು?

8 ಕಡುಬಿಗೆ ಈ ಅಳತೆ ಸಾಕು.

ಕಣಕಕ್ಕೆ: ಮೈದಾ 2 ಕಪ್ (250 ಗ್ರಾಂ), ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಸಕ್ಕರೆ 1 ಟೀ ಚಮಚ, ಚಿಟಿಕೆ ಉಪ್ಪು, ಫ್ರಿಜ್ಜಿನ ತಣ್ಣೀರು 5ರಿಂದ 6 ಟೇಬಲ್ ಚಮಚ. ಮೈದಾ ಬೇಡ ಎನ್ನುವವರು ಅರ್ಧ ಗೋಧಿ ಹಿಟ್ಟು ಬೆರೆಸಬಹುದು. ಆಗ ನೀರು ಒಂದೆರಡು ಚಮಚ ಹೆಚ್ಚು ಬೇಕಾಗುತ್ತದೆ.

ಹೂರಣಕ್ಕೆ: ಮಾಗಿದ ಏಲಕ್ಕಿ ಬಾಳೆಹಣ್ಣು 5 ಅಥವಾ ಸೇಬು 2, ಬೆಲ್ಲದ ಪುಡಿ 3 ಟೇಬಲ್ ಚಮಚ, ಕೊಬ್ಬರಿ ತುರಿ 2 ಟೇಬಲ್ ಚಮಚ, ಹುರಿದ ರವೆ 1 ಟೇಬಲ್ ಚಮಚ, ಏಲಕ್ಕಿ ಪುಡಿ, ನಿಂಬೆರಸ 1 ಟೀ ಚಮಚ. ಮೇಲೆ ಸವರಲು ಸ್ವಲ್ಪ ಹಾಲು.

ಪಟ್ಟಿಯಲ್ಲಿ ದುಬಾರಿಯಾದದ್ದು ಬೆಣ್ಣೆ ಒಂದೇ. ಮಿಕ್ಕದ್ದೆಲ್ಲ ನಾಲ್ಕು ಜನ ಹಂಚಿಕೊಂಡಿರುವ ರೂಮಿನ ಡಬ್ಬಿಗಳಲ್ಲೂ ಸಿಗುವಂಥದ್ದೇ.

ಮಾಡುವ ಬಗೆ

ಮೈದಾಕ್ಕೆ ಉಪ್ಪು, ಸಕ್ಕರೆ ಬೆರೆಸಿ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಗಟ್ಟಿ ಬೆಣ್ಣೆಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಹಾಕಿ. ಬೆರಳ ತುದಿಯಲ್ಲಿ ಮಾತ್ರ ಉಜ್ಜಿ. ಅಂಗೈ ಬಳಸಬೇಡಿ, ಅದರ ಬಿಸಿಗೆ ಬೆಣ್ಣೆ ಕರಗುತ್ತದೆ. ಹಿಟ್ಟು ದಪ್ಪ ರವೆಯ ಹಾಗೆ ಆಗಬೇಕು, ನಡುನಡುವೆ ಕಡಲೆಬೇಳೆ ಗಾತ್ರದ ಬೆಣ್ಣೆಯ ಚೂರು ಕಾಣುತ್ತಿರಬೇಕು. ಈಗ ಚಮಚ ಚಮಚವಾಗಿ ತಣ್ಣೀರು ಹಾಕಿ ಒಟ್ಟುಗೂಡಿಸಿ. ಚಪಾತಿ ಹಿಟ್ಟಿನಂತೆ ನಾದುವ ಚಪಲ ಬಿಡಿ. ಉಂಡೆ ಕೂಡಿದರೆ ಮುಗಿಯಿತು. ಮುಚ್ಚಿ, ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ.

ಅಷ್ಟರಲ್ಲಿ ಹೂರಣ. ಬಾಳೆಹಣ್ಣನ್ನು ಬಿಲ್ಲೆಗಳಾಗಿ, ಸೇಬಾದರೆ ಸಣ್ಣ ಚೂರುಗಳಾಗಿ ಹೆಚ್ಚಿ. ಮಿಕ್ಕಿದ್ದನ್ನೆಲ್ಲ ಹಾಕಿ ಮೆಲ್ಲಗೆ ಕಲಸಿ. ರವೆ ಮರೆಯಬೇಡಿ. ಹಣ್ಣು ಬಿಸಿಗೆ ಬಿಡುವ ರಸವನ್ನು ಕುಡಿಯುವುದು ಅದೇ.

ಹಿಟ್ಟನ್ನು 8 ಉಂಡೆ ಮಾಡಿ, ಒಂದೊಂದನ್ನೂ ಪೂರಿಗಿಂತ ಸ್ವಲ್ಪ ದಪ್ಪಗೆ ಲಟ್ಟಿಸಿ. ನಡುವೆ ಒಂದು ದೊಡ್ಡ ಚಮಚ ಹೂರಣ ಇಟ್ಟು, ಅಂಚಿಗೆ ನೀರು ಸವರಿ, ಅರ್ಧಚಂದ್ರಾಕಾರಕ್ಕೆ ಮಡಿಸಿ ಒತ್ತಿ. ಮೋದಕದ ಹಾಗೆ ಅಂಚುಗಳನ್ನು ಮೇಲಕ್ಕೆ ಎಳೆದು ಜುಟ್ಟು ಕಟ್ಟಿದರೂ ಚೆಂದ. ಮೇಲ್ಭಾಗದಲ್ಲಿ ಚಾಕುವಿನ ತುದಿಯಿಂದ ಎರಡು ಚಿಕ್ಕ ಗೀರು ಹಾಕಿ, ಹಾಲು ಸವರಿ. ಹಬೆ ಹೊರಹೋಗಲು ಆ ಗೀರೇ ಕಿಟಕಿ.

ಓವನ್ ಇದ್ದವರು 200 ಡಿಗ್ರಿ ಸೆಲ್ಸಿಯಸ್‌ಗೆ 10 ನಿಮಿಷ ಮೊದಲೇ ಕಾಯಿಸಿಟ್ಟು, 25ರಿಂದ 30 ನಿಮಿಷ ಬೇಕ್ ಮಾಡಿ. ಹೊಂಬಣ್ಣ ಬಂದರೆ ಆಯಿತು.

ಓವನ್ ಇಲ್ಲವೇ?

ಬಹುತೇಕ ರೂಮುಗಳಲ್ಲಿ ಇರುವುದಿಲ್ಲ. ಚಿಂತೆ ಬೇಡ. ಒಂದು ಹಳೆಯ, ದಪ್ಪ ತಳದ ಕುಕ್ಕರ್ ತೆಗೆದುಕೊಳ್ಳಿ. ಮುಚ್ಚಳದ ಗ್ಯಾಸ್ಕೆಟ್, ವಿಶಲ್ ಎರಡನ್ನೂ ತೆಗೆದಿಡಿ. ಇದನ್ನು ತಪ್ಪಿಸಲೇಬಾರದು. ತಳಕ್ಕೆ ಒಂದು ಅಂಗುಲದಷ್ಟು ಪುಡಿ ಉಪ್ಪು ಹರಡಿ, ಮೇಲೆ ಚಿಕ್ಕ ಸ್ಟ್ಯಾಂಡ್ ಇಡಿ. ನೀರು ಹಾಕುವಂತಿಲ್ಲ. ಮುಚ್ಚಿ, ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಿ. ಆಮೇಲೆ ಬೆಣ್ಣೆ ಸವರಿದ ಸ್ಟೀಲ್ ತಟ್ಟೆಯಲ್ಲಿ ಮೂರೋ ನಾಲ್ಕೋ ಕಡುಬು ಒಂದಕ್ಕೊಂದು ತಾಗದಂತೆ ಜೋಡಿಸಿ, ಒಳಗಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ 40 ನಿಮಿಷ ಬಿಡಿ. ಕುಕ್ಕರಿನ ಬಿಸಿ ಹೆಚ್ಚಾಗಿ ಕೆಳಗಿನಿಂದ ಬರುವುದರಿಂದ ಮೇಲ್ಭಾಗ ಬಿಳುಪಾಗಿಯೇ ಉಳಿಯಬಹುದು. 30 ನಿಮಿಷ ಆದಮೇಲೆ ಕಡುಬನ್ನು ಇಕ್ಕಳದಲ್ಲಿ ಹುಷಾರಾಗಿ ಮಗುಚಿ ಹಾಕಿದರೆ ಎರಡೂ ಬದಿ ಬಣ್ಣ ಬರುತ್ತದೆ. ಉಳಿದ ಕಡುಬುಗಳು ಎರಡನೇ ಸರದಿಗೆ ಫ್ರಿಜ್ಜಿನಲ್ಲೇ ಕಾಯಲಿ. ಉಪ್ಪನ್ನು ಎಸೆಯಬೇಡಿ, ತಣ್ಣಗಾದ ಮೇಲೆ ಡಬ್ಬಿಗೆ ತುಂಬಿಟ್ಟರೆ ಮತ್ತೆ ಮತ್ತೆ ಇದೇ ಕೆಲಸಕ್ಕೆ ಬರುತ್ತದೆ.

ಇದೇನೋ ಯೂಟ್ಯೂಬ್ ಕಾಲದ ಜುಗಾಡ್ ಅಂದುಕೊಳ್ಳಬೇಡಿ. 16ನೇ ಶತಮಾನದಲ್ಲಿ ಮಂಗರಸ ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಕೆಳಗೂ ಮೇಲೂ ಕೆಂಡ ಇಟ್ಟು ಬೇಯಿಸುವ ಮುಚ್ಚಳ ರೊಟ್ಟಿಯ ಮಾತು ಬರುತ್ತದೆ. ಗೋವಾದ ಪ್ರಸಿದ್ಧ ಬೆಬಿಂಕಾ ಕೂಡ ಮೇಲಿನ ಕೆಂಡದ ಶಾಖದಲ್ಲಿ ಪದರ ಪದರವಾಗಿ ಬೇಯುತ್ತಿದ್ದ ತಿಂಡಿ. ಓವನ್ ಎಂಬ ಡಬ್ಬ ನಮ್ಮ ಮನೆಗೆ ಬಂದದ್ದು ತಡವಾಗಿ ಇರಬಹುದು. ಸುತ್ತಲಿನ ಒಣ ಶಾಖದಲ್ಲಿ ಬೇಯಿಸುವ ವಿದ್ಯೆ ನಮಗೆ ಹೊಸದಲ್ಲ.

ಯಾವ ಹಣ್ಣು ಚೆಂದ?

ಲಷ್ಕರಿನಿಂದ ದೇವರಾಜ ಮಾರುಕಟ್ಟೆಗೆ ನಡೆದೇ ಹೋಗಬಹುದು. ಬಾಳೆಹಣ್ಣಿನ ಸಾಲಿಗೆ ಬೆಳಿಗ್ಗೆ ಹೋಗುವ ಬದಲು ಸಂಜೆ ಹೋಗಿ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದ, ನಾಳೆಗೆ ಉಳಿಯದ ಚಿಪ್ಪನ್ನು ಚೌಕಾಸಿ ಮಾಡಿ ಕೇಳಿ. ನಮ್ಮ ಕಡುಬಿಗೆ ಬೇಕಾದದ್ದು ಅದೇ. ಹಣ್ಣು ಮಾಗಿದಷ್ಟೂ ಬೆಲ್ಲ ಉಳಿಯುತ್ತದೆ. ನೇಂದ್ರ ಬಾಳೆ ಸಿಕ್ಕರೆ ಇನ್ನೂ ಒಳ್ಳೆಯದು, ಬಿಸಿಗೆ ಕರಗದೆ ತುಂಡು ತುಂಡಾಗಿಯೇ ನಿಲ್ಲುತ್ತದೆ.

ನಂಜನಗೂಡು ರಸಬಾಳೆ? ಭೌಗೋಳಿಕ ಸೂಚಕ ಮಾನ್ಯತೆ ಪಡೆದ, ಪನಾಮಾ ಸೊರಗು ರೋಗದ ಹೊಡೆತಕ್ಕೆ ಸಿಕ್ಕಿ ತೋಟಗಳಿಂದಲೇ ಮರೆಯಾಗತೊಡಗಿದ್ದ ಹಣ್ಣದು. ಎಲ್ಲಾದರೂ ಸಿಕ್ಕಿದರೆ ದಯವಿಟ್ಟು ಕುಕ್ಕರಿಗೆ ಹಾಕಬೇಡಿ. ಸಿಪ್ಪೆ ಸುಲಿದು ಹಾಗೇ ತಿನ್ನಿ!

ಮಾವು, ಅನಾನಸ್ ಆದರೆ ರಸ ಜಾಸ್ತಿ. ಮೊದಲು ಬೆಲ್ಲದ ಜೊತೆ ಬಾಣಲೆಯಲ್ಲಿ ಗಟ್ಟಿಯಾಗುವವರೆಗೆ ಮಗುಚಿ, ಪೂರ್ತಿ ಆರಿಸಿ ಬಳಸಬೇಕು. ಹಲಸಿನ ತೊಳೆಯನ್ನು ಸಣ್ಣಗೆ ಹೆಚ್ಚಿ ಹೀಗೇ ಮಾಡಿದರೆ ಮಲೆನಾಡಿನ ಕಡುಬಿನ ಘಮವೇ ಬೇರೆ ರೂಪದಲ್ಲಿ ಬರುತ್ತದೆ.

ಕೀ ಆನ್ಸರ್ ಇಲ್ಲಿದೆ

ಈ ಕಡುಬಿನ ನಿಜವಾದ ರುಚಿ ಇರುವುದು ಇಲ್ಲಿ. ತಟ್ಟೆ ಹೊರಗೆ ಬಂದ ಕೂಡಲೇ ಅದು ನಿಮ್ಮ ಉತ್ತರಪತ್ರಿಕೆ. ಓದಲು ಕಲಿಯಬೇಕು ಅಷ್ಟೆ.

ಮುಸುಕು ಚಕ್ಕುಲಿಯಂತೆ ಗಟ್ಟಿಯಾಗಿದೆಯಾ? ನಾದಿದ್ದು ಹೆಚ್ಚಾಗಿದೆ ಅಥವಾ ನೀರು ಹೆಚ್ಚಾಗಿದೆ. ಮೈದಾಕ್ಕೆ ನೀರು ತಾಗಿ ನಾದುತ್ತಾ ಹೋದಂತೆ ಗ್ಲೂಟನ್ ಎಂಬ ಜಿಗುಟು ಬಲೆ ಬಲವಾಗುತ್ತದೆ. ಅದು ಬ್ರೆಡ್ಡಿಗೆ ಬೇಕು, ಕಡುಬಿಗೆ ಬೇಡ.

ಪದರ ಬಿಡದೆ ಒಂದೇ ಗಡ್ಡೆಯಾಗಿದೆಯಾ? ಬೆಣ್ಣೆ ಮೊದಲೇ ಕರಗಿದೆ. ಬೆಣ್ಣೆಯಲ್ಲಿ ಶೇ 16ರವರೆಗೆ ನೀರಿನಂಶ ಇರುತ್ತದೆ. ತಣ್ಣಗಿನ ಚೂರುಗಳು ಬಿಸಿಗೆ ಕರಗಿದಾಗ ಆ ನೀರು ಹಬೆಯಾಗಿ ಹಿಟ್ಟನ್ನು ಎತ್ತುತ್ತದೆ, ಚೂರು ಇದ್ದ ಕಡೆ ಪೊಳ್ಳು ಉಳಿಯುತ್ತದೆ. ಪದರ ಅಂದರೆ ಅದೇ. ತುಪ್ಪ ಹಾಕಿದರೆ ತಪ್ಪಿಲ್ಲ. ಅದರಲ್ಲಿ ನೀರಿಲ್ಲದ ಕಾರಣ ಪದರದ ಬದಲು ನಿಪ್ಪಟ್ಟಿನಂತೆ ಪುಡಿಪುಡಿಯಾಗುವ ಗರಿಗರಿತನ ಬರುತ್ತದೆ.

ಹೊಟ್ಟೆ ಒಡೆದಿದೆಯಾ? ಹೂರಣ ಆಸೆಗೆ ಬಿದ್ದು ತುಂಬಿದ್ದೀರಿ ಅಥವಾ ಗೀರು ಹಾಕುವುದು ಮರೆತಿದ್ದೀರಿ. ತಳ ಹಸಿಯಾಗಿದೆಯಾ? ಹಣ್ಣಿನ ರಸ ಇಳಿದಿದೆ, ರವೆ ಇನ್ನಷ್ಟು ಬೇಕಿತ್ತು. ತಳ ಕರಿ, ತಲೆ ಬಿಳಿಯಾ? ಉರಿ ಜೋರಾಗಿದೆ.

ಇಷ್ಟು ಸ್ಪಷ್ಟವಾಗಿ ಯಾವ ಪರೀಕ್ಷೆ ನಮಗೆ ಉತ್ತರ ಹೇಳಿದೆ ಹೇಳಿ? ಇಲ್ಲಿ ಒಂದು ಕಾರಣಕ್ಕೆ ಒಂದು ಫಲ. ಅದನ್ನು ಸರಿಮಾಡಿ ನಾಳೆಯೇ ಮತ್ತೆ ಬರೆಯಬಹುದು. ಅರ್ಜಿ ಶುಲ್ಕವಿಲ್ಲ, ವಯೋಮಿತಿ ಇಲ್ಲ. ಮನೆಯಲ್ಲಿ ಕೂತು ಕೂತು ‘ನನ್ನಿಂದ ಏನೂ ಆಗಲ್ಲ’ ಎಂಬ ಮಾತು ತಲೆಗೆ ಹೊಕ್ಕವರಿಗೆ ಇದು ಸಣ್ಣ ಔಷಧಿಯಲ್ಲ.

ಮಾರಬಹುದೇ?

ಎರಡು ಸಲ ಚೆನ್ನಾಗಿ ಬಂದ ಕೂಡಲೇ ಗೆಳೆಯರು ‘ಬಿಸಿನೆಸ್ ಮಾಡೋ’ ಎನ್ನುತ್ತಾರೆ. ಅವಸರ ಬೇಡ. ನಮ್ಮಲ್ಲಿ ಬೇಕರಿ ಹಿಡಿದು ಬದುಕು ಕಟ್ಟಿದವರ ಕತೆಗೆ ಕೊರತೆ ಇಲ್ಲ ನಿಜ. ಹಾಸನ ಸೀಮೆಯಿಂದ ಬಂದ ತಿರುಮಲಾಚಾರ್ ಅವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರುಮಾಡಿದರು. ಇವತ್ತು ಊರೂರಿನಲ್ಲಿ ಕಾಣುವ ‘ಅಯ್ಯಂಗಾರ್ ಬೇಕರಿ’ ಎಂಬ ಬೋರ್ಡಿನ ಹಿಂದೆ ಅಂಥವರ ಶ್ರಮ ಇದೆ. ಆದರೆ ಅದರ ಹಿಂದೆ ಪ್ರತಿದಿನ ಒಂದೇ ರುಚಿ ಕೊಡುವ ಶಿಸ್ತೂ ಇದೆ. ಆ ಶಿಸ್ತಿನ ಮೊದಲ ಪಾಠ ನೋಟ್‌ಬುಕ್. ಹಿಟ್ಟು, ಬೆಣ್ಣೆ ಎಷ್ಟು ಗ್ರಾಂ, ಗ್ಯಾಸ್ ಎಷ್ಟು ಹೊತ್ತು ಉರಿಯಿತು, ಡಬ್ಬಿಗೆಷ್ಟು, ನಿಮ್ಮ ಎರಡು ಗಂಟೆಯ ಕೂಲಿ ಎಷ್ಟು, ಎಲ್ಲವನ್ನೂ ಬರೆಯಿರಿ. ಕೂಲಿ ಹಿಡಿಯದ ಲೆಕ್ಕದಲ್ಲಿ ಎಲ್ಲ ವ್ಯಾಪಾರವೂ ಲಾಭದ್ದೇ!

ಮಾರುವುದೇ ಆದರೆ ಮನೆಯಲ್ಲಿ ಮಾಡಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅದನ್ನು ಆನ್‌ಲೈನ್‌ನಲ್ಲೇ ಮಾಡಿಸಬಹುದು. ಹಣ್ಣಿನ ಹೂರಣ ಹೆಚ್ಚು ಬಾಳುವುದಿಲ್ಲ, ಅಂದಂದಿನದು ಅಂದಂದೇ ಖರ್ಚಾಗಬೇಕು. ಗಂಭೀರವಾಗಿ ಕಲಿಯುವ ಮನಸ್ಸಿದ್ದರೆ ನಮ್ಮೂರಿನಲ್ಲೇ ಸಿಎಫ್‌ಟಿಆರ್‌ಐ ಇದೆ. 1950ರಿಂದ ಚೆಲುವಾಂಬ ಮ್ಯಾನ್ಷನ್‌ನಲ್ಲಿರುವ ಈ ಸಂಸ್ಥೆಯಲ್ಲಿ ಹಿಟ್ಟು, ಬೇಕಿಂಗ್‌ಗೆಂದೇ ಪ್ರತ್ಯೇಕ ವಿಭಾಗ ಇದೆ. ಅಲ್ಪಾವಧಿ ತರಬೇತಿಗಳ ಪ್ರಕಟಣೆ ಮೇಲೆ ಕಣ್ಣಿಡಿ.

ಖಾಲಿ ತಟ್ಟೆಯ ಮಾತು

ಕೊನೆಗೆ, ಹಣಕ್ಕಿಂತ ದೊಡ್ಡದೊಂದು ಲಾಭ ಹೇಳಿಬಿಡುತ್ತೇನೆ. ಸೇಂಟ್ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳ ನೆರಳಿನ ನಮ್ಮ ಬೀದಿಗಳಲ್ಲಿ ವರ್ಷವಿಡೀ ತಟ್ಟೆಗಳು ಓಡಾಡುತ್ತವೆ. ಕ್ರಿಸ್‌ಮಸ್‌ಗೆ ಕಲ್ಕಲ್, ಕೇಕು. ರಂಜಾನ್‌ಗೆ ಶೀರ್ ಖುರ್ಮಾ. ಗೌರಿ ಗಣೇಶಕ್ಕೆ ಕಡುಬು. ಬಂದ ತಟ್ಟೆಯನ್ನು ಖಾಲಿ ವಾಪಸ್ ಕೊಡಬಾರದು ಅನ್ನುವುದು ಹಿರಿಯರ ಮಾತು. ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಸಂಬಳವಿಲ್ಲದೆ ರೂಮಿನಲ್ಲಿ ಓದುತ್ತಾ ಕೂತವರಿಗೆ ಆ ಚಿಟಿಕೆ ಸಕ್ಕರೆ ಹಾಕುವಾಗ ಆಗುವ ಸಂಕೋಚ ಅನುಭವಿಸಿದವರಿಗೇ ಗೊತ್ತು. ಎಲ್ಲರೂ ಕೊಡುತ್ತಾರೆ, ನಾವು ತೆಗೆದುಕೊಳ್ಳುತ್ತಲೇ ಇರುತ್ತೇವೆ.

ಕಳೆದ ಸಲ ಓನರ್ ಆಂಟಿಯ ತಟ್ಟೆಯಲ್ಲಿ ನಾಲ್ಕು ಬಾಳೆಹಣ್ಣಿನ ಕಡುಬು ಇಟ್ಟು ಕೊಟ್ಟೆ. ‘ಏನ್ ಪುಟ್ಟಾ, ಕರಿಗಡುಬನ್ನ ಎಣ್ಣೆಗೆ ಹಾಕೋದೇ ಮರೆತುಬಿಟ್ಯಾ?’ ಎಂದು ನಕ್ಕರು. ಒಂದು ಮುರಿದು ಬಾಯಿಗಿಟ್ಟುಕೊಂಡರು. ‘ಚೆನ್ನಾಗೈತೆ ಕಣೋ, ನಮ್ ಯಜಮಾನ್ರಿಗೆ ಎಣ್ಣೆ ತಿನ್ನಂಗಿಲ್ಲ. ಹೆಂಗ್ ಮಾಡ್ದೆ ಹೇಳು’ ಎಂದು ಮೆಟ್ಟಿಲ ಮೇಲೆ ಕೂತೇಬಿಟ್ಟರು. ಬೆಣ್ಣೆಯೂ ಜಿಡ್ಡೇ ಆಂಟಿ, ಅವರಿಗೆ ಅರ್ಧ ಸಾಕು ಎಂದು ಹೇಳಿದೆ. ಅಷ್ಟು ದಿನ ‘ಕೆಲಸ ಸಿಕ್ತಾ?’ ಎಂದೇ ಶುರುವಾಗುತ್ತಿದ್ದ ನಮ್ಮ ಮಾತು ಅವತ್ತು ಹಿಟ್ಟು, ಹೂರಣ, ಕುಕ್ಕರಿನ ಉಪ್ಪಿನ ಸುತ್ತಲೇ ಅರ್ಧ ಗಂಟೆ ನಡೆಯಿತು.

ಕೆಲಸ ಸಿಗುವಾಗ ಸಿಗಲಿ. ಓದು ನಿಲ್ಲಿಸಬೇಡಿ. ಆದರೆ ಈ ಭಾನುವಾರ ಸಂಜೆ ಪುಸ್ತಕ ಮುಚ್ಚಿಟ್ಟು, ಐದು ಬಾಳೆಹಣ್ಣು ತನ್ನಿ. ಮನೆಯಲ್ಲಿ ಪಕ್ಕದವರ ತಟ್ಟೆ ಯಾವುದಾದರೂ ಉಳಿದಿದೆಯಾ, ಒಮ್ಮೆ ನೋಡಿ.