ವರ್ಷಗಳ ಬಳಿಕ ಮತ್ತೆ ವಿಮಾನ: ಲೇಪಾಕ್ಷಿ ಸೀಮೆಯ ಹಿರಿಯರ ದೂರಪಯಣಕ್ಕೆ ಸಿದ್ಧತೆ

ಲೇಪಾಕ್ಷಿ, ಹಿಂದೂಪುರ, ಮಡಕಶಿರಾ ಸೀಮೆ ಆಡಳಿತದ ಲೆಕ್ಕದಲ್ಲಿ ಆಂಧ್ರಪ್ರದೇಶಕ್ಕೆ ಸೇರಿದ್ದರೂ ನಂಟಸ್ತಿಕೆ, ವ್ಯಾಪಾರ, ಓದು, ಆಸ್ಪತ್ರೆಗಳ ವಿಷಯದಲ್ಲಿ ಗೌರಿಬಿದನೂರು, ಬೆಂಗಳೂರುಗಳ ಜತೆ ಹೊಕ್ಕುಬಳಕೆಯುಳ್ಳದ್ದು; 16ನೇ ಶತಮಾನದ ವೀರಭದ್ರ ದೇವಾಲಯದಲ್ಲಿರುವ ಕನ್ನಡ ಶಾಸನಗಳು ಈ ನಂಟು ಎಷ್ಟು ಹಳೆಯದೆಂಬುದನ್ನು ತಿಳಿಸುತ್ತವೆ. ಇಲ್ಲಿಂದ ವಿದೇಶದಲ್ಲಿರುವ ಮಕ್ಕಳ ಮನೆಗೆ ಹೊರಡುವ ಹಿರಿಯರೂ ಸಹಜವಾಗಿಯೇ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಅವಲಂಬಿಸುತ್ತಾರೆ. ಕೋವಿಡ್ ಕಾರಣದಿಂದ 2020ರ ಮಾರ್ಚ್ 23ರಂದು ನಿಂತ ನಿಗದಿತ ಅಂತರರಾಷ್ಟ್ರೀಯ ವಿಮಾನ ಸೇವೆ ಮರಳಿ ಆರಂಭವಾದದ್ದು 2022ರ ಮಾರ್ಚ್ 27ರಂದು. ಅದಕ್ಕೂ ಮೊದಲು ಒಮ್ಮೆ ಹೋಗಿಬಂದು ಮತ್ತೆ ವಿಮಾನ ಹತ್ತದೆ ಉಳಿದವರು ಅನೇಕರು. ಇಂಥವರನ್ನು ಅನನುಭವಕ್ಕಿಂತ ಹೆಚ್ಚಾಗಿ ಹಳೆಯ ಅನುಭವವೇ ದಾರಿ ತಪ್ಪಿಸುತ್ತದೆ, ಏಕೆಂದರೆ ಈ ನಡುವೆ ನಿಲ್ದಾಣವೂ ನಿಯಮಗಳೂ ಪ್ರಯಾಣಿಕರ ದೇಹವೂ ಮೊದಲಿನಂತೆ ಉಳಿದಿರುವುದಿಲ್ಲ.

ಕಾಗದಪತ್ರ ಮತ್ತು ನಿಲ್ದಾಣ

ಮೊದಲು ನೋಡಬೇಕಾದದ್ದು ಪಾಸ್‌ಪೋರ್ಟ್. ಬಹಳಷ್ಟು ದೇಶಗಳು ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕೆಂದು ಕೇಳುತ್ತವೆ. ಕೈಬರಹದ ಹಳೆಯ ಪಾಸ್‌ಪೋರ್ಟ್‌ಗಳು ಅಂತರರಾಷ್ಟ್ರೀಯ ನಿಯಮದಂತೆ 2015ರ ನವೆಂಬರ್ 24ರ ನಂತರ ಪ್ರಯಾಣಕ್ಕೆ ಸಲ್ಲುವುದಿಲ್ಲ. ಅವಧಿ ಮುಗಿದ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇನ್ನೂ ಚಾಲ್ತಿಯಲ್ಲಿದ್ದರೆ ಹಳೆಯದು, ಹೊಸದು ಎರಡನ್ನೂ ಒಯ್ಯಬೇಕು. ಗಡಿಸೀಮೆಯಲ್ಲಿ ಹೆಸರಿನ ತೊಡಕು ಇನ್ನೂ ಹೆಚ್ಚು: ತೆಲುಗು ಪದ್ಧತಿಯಲ್ಲಿ ಮನೆತನದ ಹೆಸರು, ಕನ್ನಡ ಪದ್ಧತಿಯಲ್ಲಿ ಊರು ಅಥವಾ ತಂದೆಯ ಹೆಸರು ಇನಿಷಿಯಲ್ ಆಗಿ ಬರುವುದರಿಂದ, ಅದು ಪಾಸ್‌ಪೋರ್ಟಿನಲ್ಲಿ ಹೇಗೆ ವಿಸ್ತರಿಸಲ್ಪಟ್ಟಿದೆಯೋ ಟಿಕೆಟ್ಟಿನಲ್ಲಿಯೂ ಅಕ್ಷರಶಃ ಹಾಗೆಯೇ ಇರಬೇಕು.

ಭಾರತೀಯರು ಹೊರಡುವಾಗ ತುಂಬಬೇಕಿದ್ದ ನಿರ್ಗಮನ ಚೀಟಿಯನ್ನು 2017ರ ಜುಲೈ 1ರಿಂದ ಕೈಬಿಡಲಾಗಿದೆ. ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್ 12ರಿಂದ ಎರಡನೇ ಟರ್ಮಿನಲ್‌ಗೆ ಸ್ಥಳಾಂತರಗೊಂಡಿರುವುದರಿಂದ, ಹಳೆಯ ನೆನಪಿನಂತೆ ಮೊದಲನೇ ಟರ್ಮಿನಲ್‌ನಲ್ಲಿ ಇಳಿದವರು ಸಾಮಾನು ಹೊತ್ತು ಅಲೆಯಬೇಕಾಗುತ್ತದೆ. ಹೊಸ ಕಟ್ಟಡದಲ್ಲಿ ನಡೆಯಬೇಕಾದ ದೂರ ಹೆಚ್ಚು. ಗಾಲಿಕುರ್ಚಿ ಬೇಕೆನಿಸಿದರೆ ವಿಮಾನ ಸಂಸ್ಥೆಗೆ ಕನಿಷ್ಠ 48 ಗಂಟೆ ಮೊದಲು ತಿಳಿಸುವುದು ಒಳ್ಳೆಯದು.

ದೇಹದ ಸಿದ್ಧತೆ

ವಿಮಾನದೊಳಗಿನ ಗಾಳಿಯ ಒತ್ತಡ ನೆಲಮಟ್ಟದಲ್ಲಿರುವಷ್ಟು ಇರುವುದಿಲ್ಲ. ಅದು ಹೆಚ್ಚೆಂದರೆ 8,000 ಅಡಿ, ಅಂದರೆ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮನಾಗಿರಬಹುದು. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ 1,930 ಮೀಟರ್ ಎಂಬುದನ್ನು ನೆನೆದರೆ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಟಿಕೆಟ್ ಕಾದಿರಿಸುವ ಮೊದಲೇ ವೈದ್ಯರನ್ನು ಏಕೆ ಕಾಣಬೇಕೆಂಬುದು ಅರ್ಥವಾಗುತ್ತದೆ. ಒಳಗಿನ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇ 20ಕ್ಕಿಂತ ಕಡಿಮೆ ಇರುವುದರಿಂದ ಗಂಟಲು, ಕಣ್ಣು ಒಣಗುತ್ತವೆ. ಶೌಚಾಲಯಕ್ಕೆ ಏಳಬೇಕಾಗುತ್ತದೆಂಬ ಸಂಕೋಚದಿಂದ ನೀರು ಕುಡಿಯದಿರುವುದು ಹಿರಿಯರು ಸಾಮಾನ್ಯವಾಗಿ ಮಾಡುವ ತಪ್ಪು.

ಹೆಚ್ಚು ಹೊತ್ತು ಕಾಲು ಇಳಿಬಿಟ್ಟು ಕುಳಿತಾಗ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಡೀಪ್ ವೇನ್ ಥ್ರಾಂಬೋಸಿಸ್ ಎನ್ನುತ್ತಾರೆ. ಆ ಹೆಪ್ಪು ಕಳಚಿ ಶ್ವಾಸಕೋಶ ತಲುಪಿದರೆ ಪ್ರಾಣಾಪಾಯವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆ, ಆದರೂ ಆರೋಗ್ಯವಂತರಲ್ಲಿ ಅದು ಅಂದಾಜು 6,000 ಮಂದಿಗೆ ಒಬ್ಬರಷ್ಟೇ. ಹೀಗಾಗಿ ಗಾಬರಿ ಬೇಕಿಲ್ಲ, ಅಲಕ್ಷ್ಯವೂ ಸಲ್ಲದು: ಗಂಟೆಗೊಮ್ಮೆ ಹಿಮ್ಮಡಿಯೂರಿ ಮುಂಗಾಲನ್ನು ಎತ್ತಿ, ಬಳಿಕ ಮುಂಗಾಲೂರಿ ಹಿಮ್ಮಡಿಯನ್ನು ಎತ್ತಿದರೆ ಮೀನಖಂಡದ ಸ್ನಾಯುಗಳು ಹಿಂಡಿದಂತಾಗಿ ರಕ್ತ ಮೇಲಕ್ಕೆ ಹರಿಯುತ್ತದೆ. ಬಿಗಿ ಕಾಲುಚೀಲ ಬೇಕೇ ಎಂಬುದನ್ನು, ಮುಖ್ಯವಾಗಿ ಈಚೆಗೆ ಶಸ್ತ್ರಚಿಕಿತ್ಸೆಯಾದವರು, ವೈದ್ಯರಲ್ಲಿ ಕೇಳಬೇಕು.

ನಿತ್ಯದ ಮಾತ್ರೆಗಳು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇರಬೇಕು. ಸರಕಿನ ಕೋಣೆಯ ಚಳಿಗೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಪಶ್ಚಿಮಕ್ಕೆ ಹೋಗುವಾಗ ದಿನ ಹಿಗ್ಗುತ್ತದೆ, ಪೂರ್ವಕ್ಕೆ ಬರುವಾಗ ಕುಗ್ಗುತ್ತದೆಯಾದ್ದರಿಂದ ಇನ್ಸುಲಿನ್ ವೇಳೆ ಮತ್ತು ಪ್ರಮಾಣವನ್ನು ಮೊದಲೇ ಬರೆಸಿಕೊಳ್ಳುವುದು ಕ್ಷೇಮ.

ಪೆಟ್ಟಿಗೆಯಲ್ಲಿ ಏನಿರಬೇಕು

ಹಿಂದೂಪುರದ ಮಾರುಕಟ್ಟೆಯ ಹುಣಸೆ, ಮೆಣಸಿನಕಾಯಿ, ಬೆಲ್ಲ ಮಕ್ಕಳ ಮನೆಗೆ ಹೋಗುವುದು ವಾಡಿಕೆ. ಒಣಕೊಬ್ಬರಿಯ ವಿಷಯ ಬೇರೆ: ಅದರೊಳಗಿನ ಎಣ್ಣೆಯ ಅಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದೆಂಬ ಕಾರಣಕ್ಕೆ ಅದು ವಾಯುಸಾರಿಗೆಯ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ತುಪ್ಪ, ಉಪ್ಪಿನಕಾಯಿಗಳು ದ್ರವಗಳೊಡನೆ ಎಣಿಕೆಯಾಗುವುದರಿಂದ, 100 ಮಿಲಿಲೀಟರ್ ಮೀರಿದ ಡಬ್ಬಿಗೆ ಕೈಚೀಲದಲ್ಲಿ ಜಾಗವಿಲ್ಲ. ಪವರ್ ಬ್ಯಾಂಕ್ ಇದಕ್ಕೆ ವಿರುದ್ಧ. ಅದರ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಸಿಬ್ಬಂದಿಯ ಕೈಗೆ ಸಿಗಬೇಕೆಂಬ ಕಾರಣಕ್ಕೆ ಅದು ಕೈಚೀಲದಲ್ಲೇ ಇರಬೇಕು. ಒಯ್ಯುವ ತಿನಿಸನ್ನೆಲ್ಲ ಅಮೆರಿಕದ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು. ಮುಚ್ಚಿಟ್ಟರೆ ದಂಡ ತೆರಬೇಕಾದೀತು.

ನಿದ್ದೆ ಮತ್ತು ಹಾದಿ

ದೇಹದೊಳಗಿನ ಗಡಿಯಾರ ಹೊಸ ಊರಿನ ಹಗಲಿರುಳಿಗೆ ಹೊಂದದೆ ಬಳಲುವ ಸ್ಥಿತಿಯೇ ಜೆಟ್ ಲ್ಯಾಗ್. ಭಾರತಕ್ಕೂ ಸ್ಯಾನ್ ಫ್ರಾನ್ಸಿಸ್ಕೋಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಗಳ ಅಂತರವಿದ್ದು, ದೇಹ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಹೊಂದಿಕೊಳ್ಳುವುದರಿಂದ, ತಲುಪಿದ ಮೊದಲ ವಾರ ತಿರುಗಾಟದ ಯೋಜನೆ ಇಟ್ಟುಕೊಳ್ಳದೆ, ಹಗಲಿನ ಬಿಸಿಲಿನಲ್ಲಿ ಓಡಾಡಿಕೊಂಡಿರುವುದೇ ಮದ್ದು.

2008ರಲ್ಲಿ ನಿಲ್ದಾಣ ದೇವನಹಳ್ಳಿಗೆ ಬಂದ ಮೇಲೆ ಲೇಪಾಕ್ಷಿಯವರು ಬೆಂಗಳೂರು ನಗರವನ್ನು ಹಾಯಬೇಕಿಲ್ಲ. ಕೊಡಿಕೊಂಡ ಚೆಕ್‌ಪೋಸ್ಟ್ ಬಳಿ ಹೆದ್ದಾರಿ ಸೇರಿ ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿದರೆ ಸಾಕು. ಹಾದಿ ಹತ್ತಿರವಾಯಿತೆಂದು ಹೊತ್ತು ಮೀರಿ ಹೊರಡುವುದು ತರವಲ್ಲ, ಚಳಿಗಾಲದ ನಸುಕಿನಲ್ಲಿ ಈ ಮಾರ್ಗದಲ್ಲಿ ಮಂಜು ದಟ್ಟವಾಗಿ ಕವಿಯುತ್ತದೆ. ದೂರದಿಂದ ಟಿಕೆಟ್ ಕಳಿಸುವ ಮಕ್ಕಳು ಅದರೊಡನೆ ಒಂದು ತಿಂಗಳ ಕಾಲಾವಕಾಶವನ್ನೂ ಕೊಡಲಿ. ಹಿರಿಯರು ಆ ತಿಂಗಳ ಮೊದಲ ವಾರದಲ್ಲೇ ಪಾಸ್‌ಪೋರ್ಟ್ ತೆರೆದು ನೋಡಲಿ, ವೈದ್ಯರನ್ನು ಕಾಣಲಿ. ಪೆಟ್ಟಿಗೆ ಕಟ್ಟುವುದಕ್ಕೆ ಕೊನೆಯ ಎರಡು ದಿನ ಸಾಕು.